ಎರೆಹೊಲದ ವರ್ಷವೂ ಶಾಲೆಯ ವರ್ಷವೂ

ಕನ್ನಡನಾಡಿನಲ್ಲಿ ಶಾಲೆಯ ಬಾಗಿಲು ತೆರೆಯುವುದೂ ಮುಂಗಾರಿನ ಮೋಡ ಕವಿಯುವುದೂ ಸರಿಸುಮಾರು ಒಂದೇ ಕಾಲದಲ್ಲಿ. ಮೇ ತಿಂಗಳ ಕೊನೆಯ ವಾರದಲ್ಲಿ ರೋಹಿಣಿ ಮಳೆ ಕೂಡುತ್ತದೆ. ಜೂನ್ ತಿಂಗಳ ಮೊದಲ ವಾರ ಕಳೆಯುತ್ತಿದ್ದಂತೆ ಮೃಗಶಿರಾ ಮಳೆಯ ಸರದಿ ಬರುತ್ತದೆ. ಆ ಹೊತ್ತಿಗೆ ಮನೆಯ ಹಿರಿಯರು ಕೂರಿಗೆ ಕುಂಟೆಗಳನ್ನು ಬಡಿಗನ ಬಳಿಗೆ ಒಯ್ದು ಸರಿಪಡಿಸಿಕೊಳ್ಳುತ್ತಿರುತ್ತಾರೆ. ಕಿರಿಯರು ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತಿರುತ್ತಾರೆ. ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ, ಎರಡು ವರ್ಷಗಳು ಆರಂಭವಾಗುತ್ತವೆ. ಸುಗ್ಗಿ ಮುಗಿದು ಕಣ ಬರಿದಾಗುವ ವೇಳೆಗೆ ಪರೀಕ್ಷೆಯೂ ಬಂದಿರುತ್ತದೆ. ಹೀಗೆ ಜೊತೆಯಾಗಿ ಹುಟ್ಟಿ ಜೊತೆಯಾಗಿ ಮುಗಿಯುವ ಈ ಎರಡು ವರ್ಷಗಳಿಗೆ ಪರಸ್ಪರ ಪರಿಚಯವೇ ಇಲ್ಲವೆಂಬುದು ವಿಚಿತ್ರವಾದರೂ ಸತ್ಯ. ಹೊಲದಲ್ಲಿ ತಲೆಮಾರುಗಳಿಂದ ಪರೀಕ್ಷಿತವಾಗಿ ಬಂದ ಕಾಲದ ವಿವೇಕಕ್ಕೆ ತರಗತಿಯೊಳಗೆ ಪ್ರವೇಶ ದೊರೆತಿಲ್ಲ.

ನಿಸರ್ಗವೇ ಗುರುವೆಂಬ ಮಾತು ಭಾಷಣಗಳಲ್ಲಿ ಸವೆದುಹೋಗಿದೆ. ನದಿಯಿಂದ ತ್ಯಾಗವನ್ನೂ ಮರದಿಂದ ಪರೋಪಕಾರವನ್ನೂ ಕಲಿಯಬೇಕೆಂದು ಬಾಲಕರಿಗೆ ಬೋಧಿಸುವುದು ಸುಲಭ. ಬೋಧಿಸಿದವರೂ ಕೇಳಿದವರೂ ಗಂಟೆ ಬಾರಿಸಿದೊಡನೆ ಅದನ್ನು ಮರೆಯುವುದು ಇನ್ನೂ ಸುಲಭ. ಶಿಕ್ಷಣಕ್ಕೆ ನಿಸರ್ಗದಿಂದ ದೊರೆಯಬಹುದಾದ ನೆರವು ಇಂಥ ನೀತಿವಾಕ್ಯಗಳಲ್ಲಿಲ್ಲ. ಯಾವ ಕೆಲಸವನ್ನು ಯಾವಾಗ ಮಾಡಬೇಕು, ಎಷ್ಟು ಕಾಲ ಕಾಯಬೇಕು, ಯಾವುದನ್ನು ಮರಳಿ ಮರಳಿ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬ ಅತ್ಯಂತ ವ್ಯಾವಹಾರಿಕವಾದ ತಿಳಿವಳಿಕೆಯಲ್ಲಿ ಅದು ಇದೆ. ಒಕ್ಕಲುತನದಲ್ಲಿ ಇವೆಲ್ಲವುಗಳಿಗೂ ಸೇರಿ ಒಂದೇ ಪದವುಂಟು: ಹದ. ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಕಲಬುರಗಿ ಸೀಮೆಗಳ ಎರೆಹೊಲದಲ್ಲಿ ಈ ಹದದ ಅರ್ಥ ಎಷ್ಟು ವಿಸ್ತಾರವಾದುದೆಂಬುದನ್ನು ನೋಡಿದರೆ ಶಿಕ್ಷಕನಾದವನು ಯೋಚಿಸಬೇಕಾಗುತ್ತದೆ.

ಮಳೆನಕ್ಷತ್ರಗಳ ಲೆಕ್ಕ ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಸೂರ್ಯನು 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಪ್ರತಿಯೊಂದರ ಪಾಲಿಗೆ ಹದಿಮೂರು ಹದಿನಾಲ್ಕು ದಿನಗಳು ಬರುತ್ತವೆ. ಆದರೆ ಮೃಗಶಿರಾ ಕೂಡಿತೆಂಬ ಒಂದೇ ಕಾರಣಕ್ಕೆ ಯಾವ ರೈತನೂ ಬಿತ್ತಲು ಹೊರಡುವುದಿಲ್ಲ. ಹೊಲಕ್ಕೆ ಹೋಗಿ, ಮೇಲುಮಣ್ಣನ್ನು ಸರಿಸಿ, ಒಳಗಿನ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡುತ್ತಾನೆ. ಉಂಡೆಯಾಗದೆ ಪುಡಿಯಾಗಿ ಸೋರಿದರೆ ಹಸಿ ಸಾಲದು. ಬೆರಳಿಗೆ ಮೆತ್ತಿಕೊಂಡರೆ ಹೆಚ್ಚಾಯಿತು. ಅಂಥ ನೆಲಕ್ಕೆ ಎತ್ತು ಇಳಿದರೆ ಮಣ್ಣು ತುಳಿತಕ್ಕೆ ಸಿಕ್ಕು ಗಟ್ಟಿಯಾಗುತ್ತದೆ. ಉಂಡೆಯಾಗಿ ನಿಂತು, ಕೈಬಿಟ್ಟಾಗ ನೆಲಕ್ಕೆ ಬಿದ್ದು ಸಡಿಲವಾಗಿ ಒಡೆದರೆ ಅದೇ ಹದ. ಪಂಚಾಂಗವನ್ನು ರೈತ ತಿರಸ್ಕರಿಸುವುದಿಲ್ಲ. ಆದರೆ ಕೊನೆಯ ತೀರ್ಪನ್ನು ಮುಷ್ಟಿಗೆ ಬಿಡುತ್ತಾನೆ.

ಪಠ್ಯಕ್ರಮವು ಶಾಲೆಯ ಪಂಚಾಂಗ. ಅದು ಬೇಕು, ಅದಿಲ್ಲದೆ ವರ್ಷ ದಿಕ್ಕುತಪ್ಪುತ್ತದೆ. ಆದರೆ ಶಾಲೆಗಳಲ್ಲಿ ಪಂಚಾಂಗವೇ ಮಳೆಯೆಂದು ಭ್ರಮಿಸಲಾಗುತ್ತಿದೆ. ಭಾಗಾಕಾರ ಬಾರದ ಮಗುವಿಗೆ, ಜುಲೈ ತಿಂಗಳ ಪಾಠಯೋಜನೆಯಲ್ಲಿ ಬರೆದಿದೆಯೆಂಬ ಕಾರಣಕ್ಕೆ, ಭಿನ್ನರಾಶಿಯನ್ನು ಕಲಿಸುವುದೆಂದರೆ ಒಣನೆಲದಲ್ಲಿ ಕೂರಿಗೆ ಹೂಡಿದಂತೆಯೇ ಸರಿ. ಒಂದು ವ್ಯತ್ಯಾಸವುಂಟು. ಬೀಜ ಹುಟ್ಟಲಿಲ್ಲವೆಂಬುದು ರೈತನಿಗೆ ಎಂಟು ಹತ್ತು ದಿನಗಳಲ್ಲಿ ತಿಳಿಯುತ್ತದೆ; ಶಿಕ್ಷಕನಿಗೆ ತಿಳಿಯುವುದು ಮಾರ್ಚ್ ತಿಂಗಳಲ್ಲಿ. ರಾಜ್ಯದ ಶಾಲೆಗಳಲ್ಲಿ ವರ್ಷಾರಂಭಕ್ಕೆಂದು ‘ಸೇತುಬಂಧ’ವೆಂಬ ಕಾರ್ಯಕ್ರಮವನ್ನು ಗೊತ್ತುಮಾಡಿರುವುದು ನಿಜ. ಅದರ ಮೂಲ ಆಶಯವು ಹದ ನೋಡುವುದೇ ಆಗಿದೆ. ಆದರೆ ಎಷ್ಟೋ ಕಡೆ ಅದು ನಮೂನೆಗಳನ್ನು ತುಂಬಿ ಮೇಲಿನವರಿಗೆ ಒಪ್ಪಿಸುವ ಕೆಲಸವಾಗಿ ಪರಿಣಮಿಸಿದೆ. ಕೈಗೆ ಮಣ್ಣು ಹತ್ತಿಸಿಕೊಳ್ಳದೆ ಹದದ ವರದಿ ಬರೆಯುವುದು ಸಾಧ್ಯವೆಂಬುದನ್ನು ರೈತನಿಗೆ ಹೇಳಿದರೆ ಅವನು ನಂಬಲಾರ.

ಮುಂಗಾರಿನ ಇನ್ನೊಂದು ದೃಶ್ಯವನ್ನು ಗಮನಿಸಬೇಕು. ಕಲಬುರಗಿ ಸೀಮೆಯಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರನ್ನು ಬಿತ್ತುವ ರೂಢಿಯಿದೆ. ಹೊಲ ಒಂದೇ, ಮಳೆ ಒಂದೇ, ಬಿತ್ತುವ ದಿನವೂ ಒಂದೇ. ಹೆಸರು ಬೇಗನೆ ಎದ್ದು ಹಸಿರಾಗಿ ಸಾಲುಗಳ ನಡುವಿನ ನೆಲವನ್ನೆಲ್ಲ ಮುಚ್ಚುತ್ತದೆ. 65-70 ದಿನಗಳಲ್ಲಿ ಕಾಯಿ ಬಲಿತು, ಶ್ರಾವಣ ಭಾದ್ರಪದಗಳ ವೇಳೆಗೆ ಬಿಡಿಸಿದ್ದೂ ಆಗುತ್ತದೆ. ಆಗ ತೊಗರಿಯ ಗಿಡ ಇನ್ನೂ ಬೆಳೆಯುವ ಹಂತದಲ್ಲಿಯೇ ಇರುತ್ತದೆ. ಮೊದಲ ತಿಂಗಳಲ್ಲಂತೂ ಅದು ಬೆಳೆಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬರುವಷ್ಟು ಮಂದಗತಿ. ವಾಸ್ತವದಲ್ಲಿ ಅದು ಆ ಅವಧಿಯಲ್ಲಿ ತಾಯಿಬೇರನ್ನು ಆಳಕ್ಕೆ ಇಳಿಸುತ್ತಿರುತ್ತದೆ. ಮಳೆ ನಿಂತು ಮೇಲುನೆಲ ಒಣಗಿದ ಮೇಲೂ ಅದು ಹಸಿರಾಗಿ ನಿಂತು, ಹೂಬಿಟ್ಟು, ಡಿಸೆಂಬರ್ ಜನವರಿಗಳಲ್ಲಿ ಕಟಾವಿಗೆ ಬರುವುದು ಆ ಬೇರಿನ ಬಲದಿಂದ. ಇವೆರಡನ್ನೂ ಆಗಸ್ಟ್ ತಿಂಗಳಲ್ಲಿ ಒಂದೇ ಅಳತೆಗೋಲಿನಿಂದ ಅಳೆದು, ಹೆಸರಿಗೆ ಪ್ರಥಮ ಸ್ಥಾನವನ್ನೂ ತೊಗರಿಗೆ ಅನುತ್ತೀರ್ಣವೆಂಬ ಮುದ್ರೆಯನ್ನೂ ಕೊಡುವ ರೈತನು ಯಾವ ಊರಿನಲ್ಲಿಯೂ ಇಲ್ಲ.

ಶಾಲೆಯಲ್ಲಿ ಮಾತ್ರ ಇದು ನಿತ್ಯವೂ ನಡೆಯುತ್ತದೆ. ಮೊದಲ ಕಿರುಪರೀಕ್ಷೆಯ ಅಂಕಗಳು ಬಂದೊಡನೆ ತರಗತಿಯು ಎರಡಾಗಿ ಸೀಳುತ್ತದೆ. ಮುಂದಿನ ಸಾಲಿನವರು ಜಾಣರು. ಹಿಂದಿನ ಸಾಲಿನವರು ದಡ್ಡರು. ದಡ್ಡನೆಂಬ ಹೆಸರು ಒಮ್ಮೆ ಹತ್ತಿತೆಂದರೆ ಅದು ವರ್ಷದಿಂದ ವರ್ಷಕ್ಕೆ ಹಾಜರಿ ಪುಸ್ತಕದೊಡನೆ ವರ್ಗವಾಗುತ್ತ ಹೋಗುತ್ತದೆ. ಮನೆಯಲ್ಲಿ ಅಕ್ಷರದ ಬಳಕೆಯೇ ಇಲ್ಲದ, ಕುಲದಲ್ಲಿಯೇ ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿದ ಮಗು ಮೊದಲ ಎರಡು ವರ್ಷ ಮೇಲಕ್ಕೆ ಬೆಳೆದಂತೆ ಕಾಣದಿರಬಹುದು. ಅದು ಕಿವಿಗೊಟ್ಟು ಕೇಳುತ್ತಿರುತ್ತದೆ. ಪುಸ್ತಕದ ಕನ್ನಡಕ್ಕೂ ಮನೆಯ ಕನ್ನಡಕ್ಕೂ ಇರುವ ಅಂತರವನ್ನು ಒಳಗೊಳಗೇ ದಾಟುತ್ತಿರುತ್ತದೆ. ಆ ಕಾಲದಲ್ಲಿ ಅದನ್ನು ಕಿತ್ತು ನೋಡಿದವರಿಗೆ ಬೇರು ಕಾಣಬಹುದು, ಗಿಡ ಉಳಿಯಲಾರದು. ತೊಗರಿಯ ಮೊದಲ ತಿಂಗಳಿಗೆ ರೈತ ಸುಮ್ಮನೆ ಕಾಯುವುದಿಲ್ಲವೆಂಬುದನ್ನೂ ಹೇಳಬೇಕು. ಆ ಮಂದಗತಿಯ ದಿನಗಳಲ್ಲಿಯೇ ಕಳೆ ಅದನ್ನು ನುಂಗುವ ಭಯವಿರುವುದರಿಂದ ಎಡೆಕುಂಟೆ ಹೊಡೆಯುವುದು ಆಗಲೇ ಹೆಚ್ಚು. ನಿಧಾನವಾಗಿ ಕಲಿಯುವ ಮಗುವಿನ ಬಗ್ಗೆ ತಾಳ್ಮೆಯ ಮಾತನ್ನಾಡಿ ಅದನ್ನು ಅದರ ಪಾಡಿಗೆ ಬಿಡುವುದು ಹದವಲ್ಲ, ಉದಾಸೀನ.

ಎರೆಹೊಲದ ನಿಜವಾದ ವೈಶಿಷ್ಟ್ಯ ಕಾಣುವುದು ಹಿಂಗಾರಿಯಲ್ಲಿ. ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುವ ಹೊಲಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿಯಾಗಿಯೇ ಇರುತ್ತವೆ. ಪರಸ್ಥಳದಿಂದ ಬಂದವರಿಗೆ ಮಳೆಗಾಲದಲ್ಲಿ ಹೊಲವನ್ನು ಪಾಳುಬಿಟ್ಟಂತೆ ತೋರುತ್ತದೆ. ಆದರೆ ಆ ನಾಲ್ಕು ತಿಂಗಳಲ್ಲಿ ಪ್ರತಿಯೊಂದು ದೊಡ್ಡ ಮಳೆಯ ನಂತರ ಹೊಲವನ್ನು ಕುಂಟೆಯಿಂದ ಹರಗಲಾಗುತ್ತದೆ. ಹರಗಿದಾಗ ಕಳೆ ಸಾಯುತ್ತದೆ, ಮೇಲಿನ ಹೆಪ್ಪು ಒಡೆಯುತ್ತದೆ, ಮುಂದಿನ ಮಳೆಯ ನೀರು ಓಡಿಹೋಗದೆ ಒಳಗೆ ಇಂಗುತ್ತದೆ, ಇಂಗಿದ್ದು ಆವಿಯಾಗದೆ ಉಳಿಯುತ್ತದೆ. ಉತ್ತರಾ, ಹಸ್ತ, ಚಿತ್ತಾ ಮಳೆಗಳ ಕಾಲದಲ್ಲಿ ಬೀಜ ಬೀಳುತ್ತದೆ. ಅಲ್ಲಿಂದ ಮುಂದೆ ಮಳೆಯೆಂಬುದು ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಜೋಳದ ನಾಲ್ಕು ತಿಂಗಳ ಆಯುಷ್ಯವೆಲ್ಲ ಹಿಂದೆ ಕೂಡಿಟ್ಟ ಹಸಿಯ ಮೇಲೆ, ಚಳಿಯ ಇಬ್ಬನಿಯಲ್ಲಿ ಸಾಗಬೇಕು. 1930ರ ದಶಕದಲ್ಲಿ ಬಿಜಾಪುರ, ಹಗರಿ, ರಾಯಚೂರುಗಳಲ್ಲಿ ಸ್ಥಾಪಿತವಾದ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಬದುಗಳ ಮೂಲಕ, ಆಳದ ಉಳುಮೆ ಹಾಗೂ ಹರಗುವಿಕೆಗಳ ಮೂಲಕ ಅಭ್ಯಾಸ ಮಾಡಿದ್ದೂ ಮುಖ್ಯವಾಗಿ ಈ ಹಸಿಯ ಸಂರಕ್ಷಣೆಯನ್ನೇ.

ಈ ಕ್ರಮದಲ್ಲಿ ಮನಶ್ಶಾಸ್ತ್ರದ ಒಂದು ಸಿದ್ಧಾಂತವೇ ಅಡಗಿದೆ. ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ಗತಿಯನ್ನು ಅಳೆದು, 1885ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿಯೇ ಬಹುಭಾಗ ಸೋರಿಹೋಗುತ್ತದೆ, ಅನಂತರ ಸೋರಿಕೆ ನಿಧಾನವಾಗುತ್ತದೆ ಎಂಬುದು ಅವನು ಕಂಡ ಮೊದಲ ಸಂಗತಿ. ಎರಡನೆಯದು ಇನ್ನೂ ಮಹತ್ತ್ವದ್ದು: ಒಂದೇ ಸಮನೆ 68 ಸಲ ಓದಿ ಪಡೆದ ಫಲವನ್ನು, ಮೂರು ದಿನಗಳಿಗೆ ಹಂಚಿ ಓದಿದಾಗ 38 ಸಲದಲ್ಲಿಯೇ ಪಡೆಯಲು ಅವನಿಗೆ ಸಾಧ್ಯವಾಯಿತು. ಮಳೆಯ ನಂತರ ಹರಗು, ಮತ್ತೆ ಮಳೆಯಾದ ಮೇಲೆ ಮತ್ತೆ ಹರಗು ಎಂಬ ಎರೆಹೊಲದ ನಿಯಮವು ಇದಕ್ಕಿಂತ ಬೇರೆಯಲ್ಲ. ಜೂನ್ ತಿಂಗಳಲ್ಲಿ ಕಲಿಸಿದ ಸಂಧಿಪ್ರಕರಣವನ್ನು ಹದಿನೈದು ದಿನಗಳ ಮೇಲೊಮ್ಮೆ, ದಸರೆಯ ಮುಂಚೆಯೊಮ್ಮೆ, ಸಂಕ್ರಾಂತಿಯ ಆಸುಪಾಸಿಗೊಮ್ಮೆ ಹತ್ತು ಹತ್ತು ನಿಮಿಷ ಕೆದಕಿದರೆ ಸಾಕು. ಅದನ್ನು ಬಿಟ್ಟು ಫೆಬ್ರವರಿಯಲ್ಲಿ ರಾತ್ರಿ ಹಗಲು ಕುಳ್ಳಿರಿಸಿ ಬಾಯಿಪಾಠ ಮಾಡಿಸುವುದು, ಹಸಿ ಇರುವಾಗ ಹರಗದೆ ಬೇಸಿಗೆಯಲ್ಲಿ ಕೊಡದಿಂದ ನೀರು ಹೊಯ್ಯುವ ಸಾಹಸ.

ಇಲ್ಲಿಗೆ ಒಂದು ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ಹಿಂಗಾರಿ ಬಿತ್ತುವ ಹದವು ಹೆಚ್ಚು ದಿನ ನಿಲ್ಲುವುದಿಲ್ಲ. ಆ ದಿನಗಳಲ್ಲಿ ಮನೆಯ ಪ್ರತಿಯೊಂದು ಕೈಯೂ ಬೇಕು. ಕೂರಿಗೆಬಟ್ಟಲಿಗೆ ಕಾಳು ಬಿಡಲು, ಎತ್ತು ಹಿಡಿಯಲು, ತಂಗಿಯನ್ನು ಎತ್ತಿಕೊಂಡು ಮನೆಯಲ್ಲಿರಲು. ತರಗತಿಯ ಬೆಂಚುಗಳು ಖಾಲಿಯಾಗುತ್ತವೆ. ಜನವರಿ ಫೆಬ್ರವರಿಗಳಲ್ಲಿ ಜೋಳ ಕೀಳುವ ಕಾಲಕ್ಕೆ ಅದೇ ಪುನರಾವೃತ್ತಿ. ಬರಗಾಲ ಬಂದರೆ ಸ್ಥಿತಿ ಇನ್ನೂ ದಾರುಣ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷಗಳಲ್ಲಿ ಮನೆಗೆ ಬೀಗ ಹಾಕಿ ಗೋವೆಗೋ ಪುಣೆಗೋ ಕಬ್ಬು ಕಡಿಯಲೋ ಹೊರಟ ಕುಟುಂಬದೊಡನೆ ಮಗುವೂ ಹೋಗುತ್ತದೆ. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳ ಸಾಲು ಬೆಳೆದಿರುತ್ತದೆ. ಕೆಲವು ದಿನ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತು, ಒಂದು ದಿನ ಅದು ಶಾಲೆಗೆ ಬರುವುದನ್ನೇ ಬಿಡುತ್ತದೆ. ಅಷ್ಟರಲ್ಲಿ ಒಕ್ಕಲುತನದ ಕೆಲಸವನ್ನೂ ಪೂರ್ತಿಯಾಗಿ ಕಲಿತಿರುವುದಿಲ್ಲ. ಹೀಗೆ ಹೊಲಕ್ಕೂ ಸಲ್ಲದ, ಓದಿಗೂ ಸಲ್ಲದ ಹುಡುಗರು ಪ್ರತಿಯೊಂದು ಊರಿನ ಕಟ್ಟೆಯ ಮೇಲೂ ಕಾಣಸಿಗುತ್ತಾರೆ.

ಮಗುವನ್ನು ದುಡಿಮೆಗೆ ಹಚ್ಚುವುದು ಸಮರ್ಥನೀಯವಲ್ಲ. ಕಾನೂನೂ ಅದನ್ನು ಒಪ್ಪುವುದಿಲ್ಲ. ಆದರೆ ಯಾವ ವಾರಗಳಲ್ಲಿ ಬೆಂಚುಗಳು ಖಾಲಿಯಾಗುತ್ತವೆಂಬುದು ಪ್ರತಿಯೊಬ್ಬ ಶಿಕ್ಷಕನಿಗೂ ಮೊದಲೇ ಗೊತ್ತಿರುವಾಗ, ಅದೇ ವಾರಗಳಲ್ಲಿ ಗಣಿತದ ಹೊಸ ಅಧ್ಯಾಯವನ್ನು ತೆಗೆಯುವುದು ಯಾವ ಜಾಣತನ? ಆ ದಿನಗಳನ್ನು ಪುನರಾವರ್ತನೆಗೆ, ವಾಚನಕ್ಕೆ, ಚಿತ್ರಕ್ಕೆ ಮೀಸಲಿಟ್ಟು, ಮಕ್ಕಳು ಮರಳಿದ ಮೇಲೆ ಹೊಸದನ್ನು ಹಿಡಿಯುವುದಕ್ಕೆ ಯಾವ ಸರಕಾರಿ ಆಜ್ಞೆಯೂ ಅಡ್ಡಿಯಾಗದು. ಒಬ್ಬ ಮುಖ್ಯಾಧ್ಯಾಪಕನು ಊರಿನ ನಾಲ್ವರು ರೈತರೊಡನೆ ಮೇ ತಿಂಗಳಲ್ಲಿ ಒಂದು ಸಂಜೆ ಕುಳಿತು ಮಾತನಾಡಿದರೆ ವರ್ಷದ ಪಾಠಯೋಜನೆ ಅರ್ಧ ಸಿದ್ಧವಾದಂತೆಯೇ.

ಋತುಚಕ್ರವು ಕಲಿಸುವ ಕ್ರಮವನ್ನಷ್ಟೇ ಅಲ್ಲ, ಕಲಿಸುವ ವಸ್ತುವನ್ನೂ ಒದಗಿಸುತ್ತದೆ. ಕಾರಹುಣ್ಣಿಮೆ ಒಂದು ವರ್ಷ ಜೂನ್ ಮೊದಲ ದಿನಗಳಲ್ಲಿ ಬಂದರೆ ಇನ್ನೊಂದು ವರ್ಷ ಅದೇ ತಿಂಗಳ ಕೊನೆಗೆ ಬರುತ್ತದೆ. ಸಂಕ್ರಾಂತಿಯಾದರೋ ಜನವರಿ 14 ಅಥವಾ 15ನ್ನು ಬಿಟ್ಟು ಕದಲುವುದಿಲ್ಲ. ಏಕೆ? ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನ. ಸೌರವರ್ಷಕ್ಕೆ ಹನ್ನೊಂದು ದಿನ ಕೊರತೆ. ಮೂರು ವರ್ಷಗಳ ಒಳಗೆ ಆ ಕೊರತೆ ಒಂದು ತಿಂಗಳಷ್ಟಾಗುವುದರಿಂದ ಅಧಿಕಮಾಸ. ಆರನೆಯ ತರಗತಿಯ ಬಾಲಕನು ಗುಣಿಸಿ ಕಳೆದು ತಾನೇ ಕಂಡುಕೊಳ್ಳಬಹುದಾದ ಈ ಸತ್ಯವನ್ನು ಅಜ್ಜಿಯ ಬಾಯಿಂದ ಅವನು ಅರ್ಧ ಕೇಳಿಯೇ ಇರುತ್ತಾನೆ. ಶಾಲೆಯ ಅಂಗಳದಲ್ಲಿ ಒಂದು ಗೂಟವನ್ನು ನೆಟ್ಟು ವಾರಕ್ಕೊಮ್ಮೆ ಮಧ್ಯಾಹ್ನದ ನೆರಳನ್ನು ಅಳೆದು ಬರೆದಿಟ್ಟರೆ, ಧಾರವಾಡದ ಅಕ್ಷಾಂಶದಲ್ಲಿ ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೆಯ ವಾರದಲ್ಲೊಮ್ಮೆ ನೆರಳೇ ಮಾಯವಾಗುವುದನ್ನು ಕಾಣಬಹುದು. ನಡುವಿನ ತಿಂಗಳುಗಳಲ್ಲಿ ನೆರಳು ದಕ್ಷಿಣಕ್ಕೆ ಬೀಳುವುದನ್ನು ಕಂಡ ಮಗುವಿಗೆ ಉತ್ತರಾಯಣ ದಕ್ಷಿಣಾಯನಗಳನ್ನು ಬಾಯಿಪಾಠ ಮಾಡಿಸಬೇಕಿಲ್ಲ. ಕಡಲೆ ಹೂಬಿಡುವ ಕಾಲಕ್ಕೆ ನಸುಕಿನಲ್ಲಿ ತೆಳ್ಳಗಿನ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ ಹುಳಿಯನ್ನು ಹಿಡಿಯುವ ಪದ್ಧತಿ ಅನೇಕ ಮನೆಗಳಲ್ಲುಂಟು. ಆ ಬಟ್ಟೆಯನ್ನು ಹಿಂಡಿದ ರಸದಲ್ಲಿ ನೀಲಿ ಲಿಟ್ಮಸ್ ಕಾಗದವನ್ನು ಅದ್ದಿದರೆ ಕೆಂಪಾಗುತ್ತದೆ. ಆಮ್ಲದ ಪಾಠಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ದೊರೆಯದು. ಆದರೆ ಆ ಪಾಠವು ಜುಲೈಯಲ್ಲಿ ಬಾರದೆ ಡಿಸೆಂಬರಿನಲ್ಲಿ ಬರಬೇಕು.

ಮಣ್ಣೆತ್ತಿನ ಅಮಾವಾಸ್ಯೆಯಂದು ಎರೆಮಣ್ಣಿನಿಂದ ಎತ್ತು ಮಾಡುವ ಮಕ್ಕಳ ಬೆರಳುಗಳಿಗೆ ಇರುವ ಕೌಶಲ ಚಿತ್ರಕಲೆಯ ತರಗತಿಯಲ್ಲಿ ಎಲ್ಲಿ ಅಡಗುತ್ತದೆಯೋ ತಿಳಿಯದು. ಎಳ್ಳಮಾವಾಸ್ಯೆಯಂದು ವಿಜಯಪುರ, ಕಲಬುರಗಿ, ಬೀದರ ಸೀಮೆಯ ಮಕ್ಕಳೆಲ್ಲ ಹೊಲದಲ್ಲಿ ಚರಗ ಚೆಲ್ಲಲು ಹೋಗಿ ಶಾಲೆ ಬರಿದಾಗಿರುತ್ತದೆ. ಮರುದಿನ ಪ್ರಬಂಧಕ್ಕೆ ವಿಷಯವೇನೆಂದರೆ ‘ರೈಲ್ವೆ ನಿಲ್ದಾಣದಲ್ಲಿ ಒಂದು ಗಂಟೆ’!

ಇಂಥ ಯೋಚನೆ ಹೊಸದೇನಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಮರಗಳ ಕೆಳಗೆ ಶಾಲೆಯನ್ನು ತೆರೆದರು. 1928ರಲ್ಲಿ ವೃಕ್ಷಾರೋಪಣ, ಹಲಕರ್ಷಣಗಳೆಂಬ ಉತ್ಸವಗಳನ್ನು ಆರಂಭಿಸಿ ನೇಗಿಲಿಗೆ ವಿದ್ಯಾಲಯದಲ್ಲಿ ಗೌರವದ ಸ್ಥಾನವನ್ನು ಕಲ್ಪಿಸಿದರು. 1937ರ ವರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರ ಮೂಲಶಿಕ್ಷಣದ ವಿಚಾರವು ರೂಪುಗೊಂಡಿತು. ಆದರೆ ಇಂಥ ಪ್ರಯತ್ನಗಳು ದೇಶದಲ್ಲಿ ಹಬ್ಬಿದಾಗ ಆಚರಣೆ ಉಳಿದು ಆಶಯ ಜಾರಿತು. 1950ರಲ್ಲಿ ದೇಶಾದ್ಯಂತ ಆರಂಭವಾದ ವನಮಹೋತ್ಸವದ ನಿಮಿತ್ತ ಪ್ರತಿ ವರ್ಷ ಸಸಿ ನೆಡುವ ಶಾಲೆಗಳಲ್ಲಿ, ಹಿಂದಿನ ವರ್ಷದ ಕುಣಿಯೇ ಈ ವರ್ಷವೂ ಉಪಯೋಗಕ್ಕೆ ಬರುವುದನ್ನು ಕಂಡವರು ಹಲವರು.

ಹೋಲಿಕೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಅರಿತಿರಬೇಕು. ದಟ್ಟವಾಗಿ ಹುಟ್ಟಿದ ಜೋಳದಲ್ಲಿ ರೈತನು ನಿಶ್ಶಕ್ತವಾದ ಸಸಿಗಳನ್ನು ಕಿತ್ತು ಎಸೆಯುತ್ತಾನೆ. ಉಳಿದವು ಚೆನ್ನಾಗಿ ಬೆಳೆಯಬೇಕಾದರೆ ಅದು ಅನಿವಾರ್ಯ. ಬೆಳೆ ಕೈಕೊಟ್ಟರೆ ಹೊಲವನ್ನು ಹರಗಿ ಬೇರೆ ಬೀಜವನ್ನು ಬಿತ್ತುತ್ತಾನೆ. ಶಿಕ್ಷಕನಿಗೆ ಈ ಎರಡು ಅಧಿಕಾರಗಳೂ ಇಲ್ಲ. ಫಲಿತಾಂಶದ ಶೇಕಡಾವಾರು ಏರಬೇಕೆಂದು ಒಂಬತ್ತನೆಯ ತರಗತಿಯಲ್ಲಿಯೇ ದುರ್ಬಲ ವಿದ್ಯಾರ್ಥಿಗಳಿಗೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವ ಸಂಸ್ಥೆಗಳು ನಿಸರ್ಗದಿಂದ ಕಲಿಯಬಾರದ್ದನ್ನೇ ಕಲಿತಿವೆ.

ಈ ದೃಷ್ಟಿಯಿಂದ ಮಠಗಳ ವಿದ್ಯಾಸಂಸ್ಥೆಗಳಿಗೆ ವಿಶೇಷವಾದ ಅನುಕೂಲವೂ ಹೊಣೆಯೂ ಉಂಟು. ಸುಗ್ಗಿಯ ಕಾಲದಲ್ಲಿ ಭಕ್ತರು ಒಪ್ಪಿಸಿದ ಜೋಳ ರಾಗಿಗಳ ಮೇಲೆಯೇ ಪ್ರಸಾದನಿಲಯಗಳು ಬೆಳೆದವು. ಅಲ್ಲಿ ಉಂಡು ಓದಿದವರಲ್ಲಿ ಬಹುಸಂಖ್ಯಾತರು ಒಕ್ಕಲಮಕ್ಕಳು. ಹೊಲದ ಹದ ತಪ್ಪಿದರೆ ದಾಸೋಹದ ಕಣಜವೂ ಬರಿದಾಗುತ್ತದೆಂಬುದನ್ನು ಮಠಗಳು ಬಲ್ಲವು. ಸಿದ್ಧಗಂಗೆಯಲ್ಲಿ ಶಿವರಾತ್ರಿಯ ಜಾತ್ರೆಯೊಡನೆ ದನಗಳ ಪರಿಷೆಯೂ ಕೃಷಿಯ ವಸ್ತುಪ್ರದರ್ಶನವೂ ಸೇರಿಕೊಂಡಿರುವುದು ಆಕಸ್ಮಿಕವಲ್ಲ, ಡಾ. ಶಿವಕುಮಾರ ಸ್ವಾಮಿಗಳವರ (1907-2019) ದೃಷ್ಟಿಯಲ್ಲಿ ಅಕ್ಷರವೂ ಒಕ್ಕಲುತನವೂ ಬೇರೆ ಬೇರೆಯಾಗಿರಲಿಲ್ಲ. ಅದಕ್ಕೂ ಬಹಳ ಹಿಂದೆ, ಶರಣರ ಪರಂಪರೆಯಲ್ಲಿ ಒಕ್ಕಲಿಗ ಮುದ್ದಣ್ಣನಂಥವನು ಉಳುಮೆ ಬಿತ್ತನೆಗಳ ಮಾತಿನಲ್ಲಿಯೇ ತನ್ನ ಅನುಭಾವವನ್ನು ನುಡಿದಿದ್ದನು. ಕಾಯಕವನ್ನು ವೇದಿಕೆಯ ಮೇಲೆ ಕೊಂಡಾಡಿ, ಹೊಲದ ಕೆಲಸ ಬಲ್ಲ ಹುಡುಗನನ್ನು ತರಗತಿಯಲ್ಲಿ ದಡ್ಡನೆಂದು ಕರೆಯುವ ವಿಪರ್ಯಾಸವು ಉಳಿದ ಕಡೆ ಇರಬಹುದಾದರೂ ಮಠದ ಶಾಲೆಯಲ್ಲಿ ಸಲ್ಲದು.

ಕೊನೆಗೆ ಬೇಸಿಗೆಯ ಮಾತು. ಹತ್ತನೆಯ ತರಗತಿಗೆ ಕಾಲಿಡುವ ಮಕ್ಕಳಿಗೆ ಏಪ್ರಿಲ್ ತಿಂಗಳಿನಿಂದಲೇ ವಿಶೇಷ ತರಗತಿಗಳನ್ನು ನಡೆಸುವ ರೂಢಿ ಎಲ್ಲೆಡೆ ಹಬ್ಬಿದೆ. ರಜೆಯೆಂದರೆ ವ್ಯರ್ಥವಾದ ಕಾಲವೆಂಬ ಭಾವನೆ ಪಾಲಕರಲ್ಲಿಯೂ ಬೇರೂರಿದೆ. ಎರೆಭೂಮಿ ಬೇಸಿಗೆಯಲ್ಲಿ ಮಾಡುವುದೇನೆಂಬುದನ್ನು ಅವರು ಒಮ್ಮೆ ಹೋಗಿ ನೋಡಬೇಕು. ರಾಶಿ ಮುಗಿದ ಮೇಲೆ ಆ ನೆಲ ಒಣಗಿ ಕುಗ್ಗುತ್ತ ಆಳವಾಗಿ ಬಿರಿಯುತ್ತದೆ. ಮೇಲಿನ ಪುಡಿಮಣ್ಣು, ಜೋಳದ ಎಲೆಯ ಚೂರು, ಕುರಿಹಿಕ್ಕೆ ಎಲ್ಲವೂ ಗಾಳಿಗೆ ಸರಿದು ಆ ಬಿರುಕುಗಳೊಳಗೆ ಬೀಳುತ್ತವೆ. ಮಳೆ ಬಂದಾಗ ಮಣ್ಣು ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ. ಮೇಲಿನದು ಕೆಳಗಾಗಿ, ಕೆಳಗಿನದು ಒತ್ತಡಕ್ಕೆ ನಿಧಾನವಾಗಿ ಮೇಲೇಳುತ್ತದೆ. ಯಾರೂ ಉಳದೆ ಆ ನೆಲ ತನ್ನನ್ನು ತಾನೇ ಉತ್ತುಕೊಳ್ಳುವ ರೀತಿ ಇದು. ಮೇ ತಿಂಗಳ ಮೊದಲ ಅಡ್ಡಮಳೆ ಬಿದ್ದಾಗ ಗಟ್ಟಿಯಾದ ನೆಲದ ಮೇಲಿನ ನೀರು ಹಳ್ಳಕ್ಕೆ ಹರಿದುಹೋದರೆ, ಬಿರಿದ ಎರೆಯ ಮೇಲೆ ಬಿದ್ದ ನೀರು ಆ ಬಿರುಕುಗಳ ಹಾದಿಯಿಂದಲೇ ಮೊಳಕಾಲುದ್ದ ಕೆಳಗೆ ಇಳಿದು ನಿಲ್ಲುತ್ತದೆ.